ನಡುಗುವುದು ಮಕ್ಕಳು, ನಡುಗಿಸುವುದು ನಾವು

ಹೊಸೂರು, ಕೃಷ್ಣಗಿರಿ ಕಡೆ ನೆಲೆಸಿರುವ ನಮ್ಮವರ ಮನೆಗಳಿಗೆ ಹೋದರೆ ಒಂದು ದೂರು ತಪ್ಪದೆ ಕಿವಿಗೆ ಬೀಳುತ್ತದೆ. "ಮಗ ಓದಿನಲ್ಲಿ ಮುಂದೆ, ಮಾರ್ಕು ಚೆನ್ನಾಗಿದೆ. ಆದರೆ ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬಾಯಿಯೇ ಬರುವುದಿಲ್ಲ." ಮಗಳ ವಿಷಯವಾದರೆ ಅದೇ ಮಾತು ಮೆಚ್ಚುಗೆಯಾಗಿ ಬರುತ್ತದೆ. "ಅವಳು ಪಾಪ, ಬಾಯಿ ಬಿಡುವವಳೇ ಅಲ್ಲ." ಮೌನ ಒಂದೇ. ಗಂಡುಮಗುವಿನಲ್ಲಿ ಅದು ಕಾಯಿಲೆ, ಹೆಣ್ಣುಮಗುವಿನಲ್ಲಿ ಅದೇ ಗುಣ.

ಇದಕ್ಕೆ ನಾವು ಕಂಡುಕೊಂಡ ಮದ್ದೂ ಗೊತ್ತಿರುವಂಥದ್ದೇ. ಬೇಸಿಗೆ ರಜೆಯಲ್ಲಿ ಮಗನನ್ನು ಅತ್ತಿಬೆಲೆ ದಾಟಿಸಿ ಬೆಂಗಳೂರಿನ ಯಾವುದೋ ಪರ್ಸನಾಲಿಟಿ ಡೆವಲಪ್‌ಮೆಂಟ್ ತರಗತಿಗೆ ಸೇರಿಸುವುದು. ಅಲ್ಲಿ ಕೈಯನ್ನು ಹೀಗೆ ಆಡಿಸು, ಭುಜ ಹಾಗೆ ಎತ್ತು, ಎದುರಿನವರ ಕಣ್ಣಲ್ಲಿ ಕಣ್ಣಿಡು, ಇಂಗ್ಲಿಷಿನಲ್ಲಿ ಶುಭೋದಯ ಹೇಳಿ ಶುರುಮಾಡು ಎಂದು ಕಲಿಸುತ್ತಾರೆ. ಸರ್ಟಿಫಿಕೇಟು ಗೋಡೆಗೆ ಬರುತ್ತದೆ, ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ನೋವು ಒಂದು ಕಡೆ, ಮುಲಾಮು ಇನ್ನೊಂದು ಕಡೆ. ನಮ್ಮ ಮಕ್ಕಳ ಸಭಾಕಂಪನ ಅವರ ಹುಟ್ಟುಗುಣವಲ್ಲ. ಅದನ್ನು ತಯಾರಿಸುವವರು ನಾವು. ನಮ್ಮ ಮನೆಯ ಹಜಾರ, ನಮ್ಮ ಮೀಲಾದ್ ವೇದಿಕೆ, ನಮ್ಮ ಜಮಾಅತಿನ ಸಭೆ, ನಮ್ಮ ನಗು ಸೇರಿ ಅದನ್ನು ಬೆಳೆಸುತ್ತವೆ. ಹಾಗಾಗಿ ಚಿಕಿತ್ಸೆ ಬೇಕಾಗಿರುವುದು ಮೊದಲು ಕೇಳುಗರಿಗೆ, ಆಮೇಲೆ ಮಾತನಾಡುವವರಿಗೆ.

ಇದನ್ನು ಹೇಳುವುದಕ್ಕೆ ಆಧಾರವಿದೆ. ಮನುಷ್ಯನ ದೇಹ ಒತ್ತಡಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯಬೇಕಾದರೆ ಪ್ರಯೋಗಾಲಯದಲ್ಲಿ ಮೊದಲು ಒತ್ತಡವನ್ನು ಹುಟ್ಟಿಸಬೇಕು. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೊಂದು ವಿಧಾನ ಪ್ರಕಟಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದನ್ನೇ ಬಳಸುತ್ತಾರೆ. ಅದರಲ್ಲಿ ಸೂಜಿಯಿಲ್ಲ, ಶಾಕ್ ಇಲ್ಲ. ಒಬ್ಬರನ್ನು ಕೆಲವರ ಮುಂದೆ ನಿಲ್ಲಿಸಿ ಐದು ನಿಮಿಷ ಮಾತನಾಡಲು ಹೇಳುತ್ತಾರೆ, ನಂತರ ಗಟ್ಟಿಯಾಗಿ ಕಳೆಯುವ ಲೆಕ್ಕ ಮಾಡಿಸುತ್ತಾರೆ. ಎದುರಿಗೆ ಕೂತವರಿಗೆ ಮುಖದಲ್ಲಿ ಯಾವ ಭಾವವನ್ನೂ ತೋರಿಸಬಾರದು, ತಲೆಯಾಡಿಸಬಾರದು, ನಗಬಾರದು ಎಂದು ಮೊದಲೇ ತರಬೇತಿ ಕೊಟ್ಟಿರುತ್ತಾರೆ. ಅಷ್ಟೇ ಸಾಕು, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿಬಿಡುತ್ತದೆ. 2013ರಲ್ಲಿ ಅದೇ ದೇಶದ ಬೋಖಮ್ ನಗರದ ಸಂಶೋಧಕರು ಇದರ ಇನ್ನೊಂದು ರೂಪ ಮಾಡಿ ನೋಡಿದರು. ಅಲ್ಲೂ ನಿಂತು ಮಾತನಾಡಬೇಕು, ಎದುರಿಗೆ ಜನರೂ ಇದ್ದರು. ಆದರೆ ಆ ಜನ ಸ್ನೇಹದಿಂದ ಕೇಳಿಸಿಕೊಳ್ಳುವವರು. ಹಾರ್ಮೋನಿನ ಆ ಏರಿಕೆ ಕಾಣಿಸಲಿಲ್ಲ.

ಅಂದರೆ ಭಯವಿರುವುದು ನಿಂತು ಮಾತನಾಡುವುದರಲ್ಲಲ್ಲ, ಎದುರಿನ ಮುಖಗಳಲ್ಲಿ. ಜರ್ಮನಿಯವರು ದುಡ್ಡು ಖರ್ಚು ಮಾಡಿ, ಜನರಿಗೆ ತರಬೇತಿ ಕೊಟ್ಟು ಪ್ರಯೋಗಾಲಯದಲ್ಲಿ ಸೃಷ್ಟಿಸಿದ ಆ ವಾತಾವರಣವನ್ನು ನಾವು ಪ್ರತಿ ಈದಿಗೆ, ಪ್ರತಿ ಮದುವೆಗೆ, ಪ್ರತಿ ಭಾನುವಾರಕ್ಕೆ ಮನೆಯಲ್ಲೇ ಉಚಿತವಾಗಿ ಒದಗಿಸುತ್ತಿದ್ದೇವೆ.

ಮನೆಯಿಂದಲೇ ನೋಡೋಣ. ನೆಂಟರು ಬಂದಿರುತ್ತಾರೆ. ಮಗು ತಾನಾಗಿ ಏನೋ ಹೇಳಲು ಬಂದರೆ "ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ" ಎಂದು ಕಳಿಸುತ್ತೇವೆ. ಐದು ನಿಮಿಷ ಕಳೆದ ಮೇಲೆ ಅದೇ ಮಗುವನ್ನು ಕರೆದು "ಒಂದು ಸೂರಾ ಓದು, ಒಂದು ರೈಮ್ಸ್ ಹೇಳು" ಎನ್ನುತ್ತೇವೆ. ತನಗೆ ಹೇಳಲಿಕ್ಕಿರುವುದನ್ನು ಹೇಳಬಾರದು, ನಮಗೆ ಕೇಳಲಿಕ್ಕಿರುವುದನ್ನು ಮಾತ್ರ ಒಪ್ಪಿಸಬೇಕು. ಒಪ್ಪಿಸುವಾಗ ಒಂದು ಕಡೆ ತೊದಲಿದರೆ ಹಜಾರವೆಲ್ಲ ನಗು. ಮೊದಲಾದರೆ ಆ ನಗು ಹಜಾರದಲ್ಲೇ ಮುಗಿಯುತ್ತಿತ್ತು. ಈಗ ಯಾರಾದರೂ ಮೊಬೈಲ್ ಹಿಡಿದೇ ಇರುತ್ತಾರೆ. ಮಗು ತಡವರಿಸಿದ ಇಪ್ಪತ್ತು ಸೆಕೆಂಡಿನ ತುಣುಕು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ದುಬೈಯ ಕಾಕ, ದಮ್ಮಾಮಿನ ಮಾಮ, ಮಂಗಳೂರಿನ ಇತ್ತಾ ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖ ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ಪ್ರೀತಿಯ ನಗು, ಅಣಕದ ನಗು ಎಂಬ ಭೇದ ತಿಳಿಯುವುದಿಲ್ಲ. ಬಾಯಿ ತೆರೆದರೆ ನಗುತ್ತಾರೆ ಎಂಬ ಒಂದೇ ಪಾಠ ಅದರ ಮನಸ್ಸಿನಲ್ಲಿ ಉಳಿಯುತ್ತದೆ.

ಗಡಿಯ ಈಚೆ ಬೆಳೆಯುವ ನಮ್ಮ ಮಕ್ಕಳಿಗೆ ಈ ನಗು ಇನ್ನೂ ಹೆಚ್ಚು ದಿಕ್ಕುಗಳಿಂದ ಬರುತ್ತದೆ. ಹೊಸೂರಿನ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಟ್ಟಿಗೆ ಓಡಾಡುತ್ತವೆ. ನಮ್ಮ ಮಗುವಿಗೆ ಮನೆಯಲ್ಲಿ ಬ್ಯಾರಿ. ಶಾಲೆಯ ಮಾಧ್ಯಮ ಇಂಗ್ಲಿಷ್. ತಮಿಳುನಾಡಿನ 2006ರ ಕಾಯ್ದೆಯ ಪ್ರಕಾರ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ತಮಿಳು ಕಡ್ಡಾಯ. ನೆರೆಯ ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು. ಮದ್ರಸದ ಪಾಠ ಹಲವು ಕಡೆ ಮಲಯಾಳದಲ್ಲಿ. ಊರಲ್ಲಿರುವ ಅಜ್ಜ ಅಜ್ಜಿಯರ ಪತ್ರಿಕೆ ಕನ್ನಡ. ಹತ್ತು ವರ್ಷದ ಮಗು ಆರು ಭಾಷೆಗಳ ನಡುವೆ ಈಜುತ್ತಿದೆ. ಬೇರೆ ಯಾರ ಮನೆಯಲ್ಲಾದರೂ ಇದನ್ನು ಪ್ರತಿಭೆ ಎನ್ನುತ್ತಿದ್ದರು. ನಾವೇನು ಮಾಡುತ್ತೇವೆ? ರಜೆಗೆ ಮಂಗಳೂರಿಗೆ ಕರೆದುಕೊಂಡು ಹೋದರೆ ಸೋದರಸಂಬಂಧಿಗಳು "ತಮಿಳ ಬಂದ" ಎಂದು ನಗುತ್ತಾರೆ. ಭಾಷಣವನ್ನು 'ಬಾಷಣ' ಎಂದಿತು, ಧನ್ಯವಾದವನ್ನು 'ದನ್ಯವಾದ' ಎಂದಿತು ಎಂದು ಊಟದ ಸುಪ್ರದ ಸುತ್ತ ಅದನ್ನೇ ಮತ್ತೆ ಮತ್ತೆ ಹೇಳಿಸಿ ನಗುತ್ತಾರೆ. ವಾಪಸು ಹೊಸೂರಿಗೆ ಬಂದರೆ ತರಗತಿಯಲ್ಲಿ "ಕನ್ನಡಕ್ಕಾರನ್" ಎಂದು ನಗುತ್ತಾರೆ. ಇಂಗ್ಲಿಷಿನಲ್ಲಿ ತಪ್ಪಿದರೆ ಉಪ್ಪನೇ ನಗುತ್ತಾನೆ. ಆರು ಭಾಷೆ ಬಲ್ಲ ಮಗುವಿಗೆ ಧೈರ್ಯವಾಗಿ ನಿಲ್ಲಲು ಒಂದು ಭಾಷೆಯ ನೆಲವೂ ಉಳಿಯುವುದಿಲ್ಲ. ಆಮೇಲೆ ನಾವು ಕೇಳುತ್ತೇವೆ, ಇವನಿಗೇಕೆ ಬಾಯಿ ಬರುವುದಿಲ್ಲ?

ನಾಲಗೆಯ ಮೇಲಿನ ನಗು ಎಷ್ಟು ನೋಯಿಸುತ್ತದೆ ಎಂಬುದು ಬ್ಯಾರಿಗಳಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಬೇಕು? ನಮ್ಮ ಭಾಷೆಯನ್ನು 'ನಕ್ಕ್ ನಿಕ್ಕ್' ಎಂದು ಕರೆದು ಹಾಸ್ಯ ಮಾಡಿದ ಕಾಲ ತೀರಾ ಹಳೆಯದಲ್ಲ. ಪೇಟೆಯಲ್ಲಿ ದನಿ ತಗ್ಗಿಸಿ ಬ್ಯಾರಿ ಮಾತನಾಡಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅದೇ ಭಾಷೆಗೆ 2009ರಲ್ಲಿ ಸರಕಾರದ ಅಕಾಡೆಮಿ ಬಂತು. ಅದೇ ಭಾಷೆಯ 'ಬ್ಯಾರಿ' ಚಿತ್ರ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ಚಿತ್ರವೆಂಬ ಗೌರವವನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. 2023ರಲ್ಲಿ ಕರ್ನಾಟಕ ವಿಧಾನಸಭೆಯ ಸ್ಪೀಕರ್ ಪೀಠಕ್ಕೆ ಬ್ಯಾರಿಯೊಬ್ಬರು, ಯು.ಟಿ. ಖಾದರ್, ಆಯ್ಕೆಯಾದರು. ಇಡೀ ಸದನದಲ್ಲಿ ಯಾರು ಎಷ್ಟು ಹೊತ್ತು ಮಾತನಾಡಬೇಕೆಂದು ಹೇಳುವ ಪೀಠದವರೆಗೆ ನಾವು ತಲುಪಿದೆವು. ಆದರೆ ನಮ್ಮ ಹಜಾರದಲ್ಲಿ ಮಗುವಿಗೆ ಎರಡು ನಿಮಿಷ ಕೊಡುವಲ್ಲಿಗೆ ಇನ್ನೂ ತಲುಪಿಲ್ಲ.

ಮನೆಮಾತು ಬೇರೆ, ವೇದಿಕೆಯ ಮಾತು ಬೇರೆ ಎಂಬುದು ಸೋಲಿಗೆ ಕಾರಣವಾಗಬೇಕಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಅವರು ಕನ್ನಡ ಶಾಲೆಗೆ ಸೇರಿದ್ದು ಎಂಟನೆಯ ವಯಸ್ಸಿನಲ್ಲಿ. 2025ರ ಮೇ ತಿಂಗಳಲ್ಲಿ ಅವರು ಲಂಡನ್ನಿನ ವೇದಿಕೆಯಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದು ಮಾತನಾಡಿದರು. ಅದೇ ಸೆಪ್ಟೆಂಬರಿನಲ್ಲಿ ವಿರೋಧಗಳ ನಡುವೆಯೂ ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿ ಮಾತನಾಡಿದರು. ಎಂಟನೆಯ ವಯಸ್ಸಿನಲ್ಲಿ ಅವರ ಕನ್ನಡಕ್ಕೆ ಮನೆಯವರು ನಗುತ್ತಲೇ ಇದ್ದಿದ್ದರೆ ಎಂದು ಒಮ್ಮೆ ಯೋಚಿಸಿ.

ಇನ್ನು ನಮ್ಮ ಮದ್ರಸದ ವೇದಿಕೆ. ಮೊದಲು ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ರಬೀಉಲ್ ಅವ್ವಲ್ ಬಂದರೆ ಆರು ವರ್ಷದ ಮಗುವಿನ ಕೈಗೆ ಮೈಕ್ ಕೊಟ್ಟು, ಇಡೀ ಮೊಹಲ್ಲಾವನ್ನು ಎದುರಿಗೆ ಕೂರಿಸಿ ಮಾತನಾಡಿಸುವ ಪದ್ಧತಿ ನಮ್ಮಲ್ಲಿದೆ. ಹಾಡು, ದಫ್, ಭಾಷಣ, ಬಹುಮಾನ ಎಲ್ಲವೂ ಇದೆ. ದುಬಾರಿ ಶಾಲೆಗಳೂ ಪ್ರತಿ ಮಗುವಿಗೆ ಇಂಥ ಅವಕಾಶ ಕೊಡುವುದಿಲ್ಲ. ಬೆಂಗಳೂರಿನ ತರಗತಿಗಳಿಗೆ ನಾವು ಕಟ್ಟುವ ಫೀಸಿನಲ್ಲಿ ಸಿಗದ ತರಬೇತಿ ಮಸೀದಿಯ ಅಂಗಳದಲ್ಲೇ ಇದೆ. ಅದನ್ನು ಬಳಸುವ ರೀತಿಯೇ ತಲೆಕೆಳಗು.

ಆ ಭಾಷಣವನ್ನು ಮಗು ಬರೆದಿರುವುದಿಲ್ಲ. ಉಸ್ತಾದರು ಬರೆದುಕೊಟ್ಟಿರುತ್ತಾರೆ, ಹಲವು ಬಾರಿ ಮಗುವಿಗೆ ಅರೆಬರೆ ತಿಳಿಯುವ ಮಲಯಾಳದಲ್ಲಿ. ಮಗು ಅದನ್ನು ಒಂದು ತಿಂಗಳು ಉರು ಹೊಡೆಯುತ್ತದೆ. ವೇದಿಕೆ ಹತ್ತುತ್ತದೆ, ಸಲಾಂ ಹೇಳುತ್ತದೆ, ರೈಲಿನ ವೇಗದಲ್ಲಿ ಓಡುತ್ತದೆ. ಮಧ್ಯದಲ್ಲಿ ಒಂದು ಕೊಂಡಿ ಕಳಚಿತೆಂದರೆ ಮುಗಿಯಿತು, ಇಡೀ ರೈಲು ಹಳಿ ತಪ್ಪುತ್ತದೆ. ಏಕೆಂದರೆ ಮಗುವಿನ ಬಳಿ ಇರುವುದು ವಿಷಯವಲ್ಲ, ಪದಗಳ ಸಾಲು ಮಾತ್ರ. ಪರದೆಯ ಆಚೆ ಉಮ್ಮನ ಎದೆ ಡವಗುಡುತ್ತಿರುತ್ತದೆ. ಹಿಂದಿನಿಂದ ಉಸ್ತಾದರು ಮುಂದಿನ ಪದ ಪಿಸುಗುಟ್ಟುತ್ತಾರೆ. ಎದುರಿನ ಸಾಲಿನ ಮಕ್ಕಳು ಮುಸಿಮುಸಿ ನಗುತ್ತಾರೆ. ಆ ಹತ್ತು ಸೆಕೆಂಡು ಕೆಲವು ಮಕ್ಕಳ ಮನಸ್ಸಿನಲ್ಲಿ ನಲವತ್ತು ವರ್ಷ ಉಳಿಯುತ್ತದೆ. ಬಹುಮಾನ ಯಾರಿಗೆ? ತಪ್ಪದೆ ಒಪ್ಪಿಸಿದವರಿಗೆ. ನಾವು ನೆನಪಿನ ಶಕ್ತಿಗೆ ಬಹುಮಾನ ಕೊಟ್ಟು ಅದನ್ನು ಭಾಷಣ ಸ್ಪರ್ಧೆ ಎಂದು ಕರೆಯುತ್ತಿದ್ದೇವೆ.

ಬಾಯಿಪಾಠವೇ ಬೇಡವೆಂದಲ್ಲ. ಕುರ್‌ಆನ್ ಬಾಯಿಪಾಠ ಮಾಡುವ ಸಮುದಾಯಕ್ಕೆ ಅದರ ಬೆಲೆ ಗೊತ್ತು. ಅಲ್ಲಿ ಒಂದಕ್ಷರವೂ ಬದಲಾಗಬಾರದು, ಬದಲಾಗದಿರುವುದೇ ಅದರ ಉದ್ದೇಶ. ಭಾಷಣ ಹಾಗಲ್ಲ. ಅಲ್ಲಿ ಪದ ಬದಲಾದರೂ ಅರ್ಥ ಉಳಿದರೆ ಸಾಕು. ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ತುಳುನಾಡಿನ ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆಯಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಆ ಪದ್ಯವನ್ನು ತನ್ನ ಮಾತಿನಲ್ಲಿ ಬಿಡಿಸುತ್ತಾ ಹೋಗುತ್ತಾನೆ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಆ ಕೂಟಗಳಲ್ಲಿ ಹೆಸರು ಮಾಡಿದವರಲ್ಲಿ ಸಂಪಾಜೆಯ ಜಬ್ಬಾರ್ ಸಮೋ ಒಬ್ಬರು. ಮುಸ್ಲಿಂ ಮನೆತನದ ಕಲಾವಿದರೊಬ್ಬರು ಪುರಾಣದ ಪಾತ್ರಗಳಿಗೆ ಗಂಟೆಗಟ್ಟಲೆ ಅರ್ಥ ಹೇಳಬಲ್ಲರಾದರೆ ಅದು ಉರು ಹೊಡೆದದ್ದರಿಂದಲ್ಲ. ಕಥೆ ಗೊತ್ತಿದೆ, ಪಾತ್ರ ಗೊತ್ತಿದೆ, ತಾನು ಎಲ್ಲಿಗೆ ತಲುಪಬೇಕೆಂಬುದು ಗೊತ್ತಿದೆ. ಹಾದಿ ಗೊತ್ತಿದ್ದವನು ಒಂದು ಹೆಜ್ಜೆ ಮರೆತರೂ ನಿಲ್ಲುವುದಿಲ್ಲ.

ಮಕ್ಕಳ ಸರದಿ ಬರುವಷ್ಟರಲ್ಲಿ ಹೊತ್ತು ಎಷ್ಟಾಗಿರುತ್ತದೆ? ನಮ್ಮ ಯಾವುದೇ ಸಮಾರಂಭದ ಆಮಂತ್ರಣ ತೆಗೆದು ನೋಡಿ. ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಅಧ್ಯಕ್ಷತೆ, ಅದರ ಕೆಳಗೆ ಎರಡು ಸಾಲು ಮುಖ್ಯ ಅತಿಥಿಗಳು. ಪ್ರತಿಯೊಬ್ಬರೂ "ಸಮಯದ ಅಭಾವದಿಂದ ಎರಡೇ ಮಾತು" ಎಂದು ಶುರುಮಾಡಿ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಸಮುದಾಯದ ಶಿಕ್ಷಣ ಹಿಂದುಳಿದಿದೆ ಎಂದು ಪ್ರತಿಯೊಬ್ಬರೂ ಹೇಳುತ್ತಾರೆ, ಅದನ್ನೇ ಹೇಳುತ್ತಾರೆ. ಮಕ್ಕಳ ಕಾರ್ಯಕ್ರಮ ಶುರುವಾಗುವಾಗ ರಾತ್ರಿ ಹತ್ತೂವರೆ, ಹಿಂದಿನಿಂದ ಬಿರಿಯಾನಿಯ ಘಮ. ನಿದ್ದೆಗಣ್ಣಿನ ಮಗು ಖಾಲಿಯಾಗುತ್ತಿರುವ ಕುರ್ಚಿಗಳ ಮುಂದೆ ಮಾತನಾಡುತ್ತದೆ. ಖುತ್ಬಾ ಚಿಕ್ಕದಾಗಿರುವುದು, ನಮಾಜು ದೀರ್ಘವಾಗಿರುವುದು ಮನುಷ್ಯನ ತಿಳಿವಳಿಕೆಯ ಲಕ್ಷಣ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮಿನಲ್ಲಿದೆ. ಅದನ್ನು ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅತಿಥಿಗಳಿಗೆ ಕಾಣುವಂತೆ ಹಾಕಿಸಿದರೆ ಚೆನ್ನಾಗಿತ್ತು. 1924ರಲ್ಲಿ ಅಮೆರಿಕದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಸಮಯ ತೋರಿಸಲು ಹಸಿರು, ಹಳದಿ, ಕೆಂಪು ದೀಪ ಹಚ್ಚುತ್ತಾರೆ. ಕೆಂಪು ಬಂದರೆ ಮುಗಿಸಬೇಕು, ಎಷ್ಟು ದೊಡ್ಡವರಾದರೂ ಸರಿ. ನಮ್ಮ ಸಭೆಗಳಿಗೆ ಬೇಕಾಗಿರುವುದು ಇನ್ನೊಬ್ಬ ಅತಿಥಿಯಲ್ಲ, ಆ ಕೆಂಪು ದೀಪ.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಕಹಿ. ಹನ್ನೊಂದು ಹನ್ನೆರಡು ವರ್ಷದವರೆಗೆ ಮೀಲಾದ್ ವೇದಿಕೆಯಲ್ಲಿ ಬಹುಮಾನ ಬಾಚುವವರು ಅವರೇ. ಆಮೇಲೆ ಒಂದು ವರ್ಷ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಯಾರೂ ಏನೂ ಹೇಳುವುದಿಲ್ಲ, ಹೆಸರು ಸುಮ್ಮನೆ ಬಿಟ್ಟುಹೋಗುತ್ತದೆ. ಸಾರಾ ಅಬೂಬಕರ್ ಅವರ ಕತೆ ನಮ್ಮ ಕರಾವಳಿ ಮರೆಯಬಾರದ್ದು. 'ಚಂದ್ರಗಿರಿಯ ತೀರದಲ್ಲಿ' ಬರೆದ ಆ ಲೇಖಕಿ 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಗೆ ಮಾತನಾಡಲು ಆಹ್ವಾನಿತರಾಗಿದ್ದಾಗ ಅವರನ್ನು ಮಾತನಾಡದಂತೆ ತಡೆದರು. ಅವರ ಬರಹವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಒಪ್ಪದವರು ಎದ್ದು ನಿಂತು ಉತ್ತರ ಕೊಡಬಹುದಿತ್ತು. ಉತ್ತರ ಕೊಡಲು ಮಾತು ಬರಬೇಕು, ತಡೆಯಲು ತೋಳು ಸಾಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಇನ್ನೊಂದು ಮಗ್ಗುಲು ಇದು: ಮಾತು ಬಾರದ ಸಮುದಾಯಕ್ಕೆ ಜಗಳವೊಂದೇ ಉಳಿಯುತ್ತದೆ. ಸಾರಾ ಅವರು ಬಾಯಿ ಮುಚ್ಚಲಿಲ್ಲ, 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರ ಮಾತಿಗೆ ಬೆಲೆ ಇತ್ತು. ಆದರೆ ಆ ದಿನ ಪುತ್ತೂರಿನಲ್ಲಿ ನಡೆದದ್ದನ್ನು ಕೇಳಿ ಎಷ್ಟು ಹುಡುಗಿಯರು ತಮ್ಮ ಮಾತನ್ನು ಗಂಟಲಲ್ಲೇ ನುಂಗಿಕೊಂಡಿರಬಹುದು?

ಅದಬ್, ಹಯಾ ಎಂದು ಇದಕ್ಕೆ ಸಮರ್ಥನೆ ಕೊಡುವವರಿದ್ದಾರೆ. ಅವರಿಗೆ ನೆನಪಿಸಬೇಕು. ಗಂಡಸರೇ ನಿಮ್ಮ ಸಮಯವನ್ನೆಲ್ಲ ತೆಗೆದುಕೊಳ್ಳುತ್ತಾರೆ, ನಮಗೂ ಒಂದು ದಿನ ಗೊತ್ತುಮಾಡಿ ಎಂದು ಮದೀನಾದ ಮಹಿಳೆಯರು ಪ್ರವಾದಿಯವರ ಬಳಿ ನೇರವಾಗಿ ಕೇಳಿದ್ದು, ಪ್ರವಾದಿಯವರು ದಿನ ಕೊಟ್ಟದ್ದು ಸಹೀಹ್ ಬುಖಾರಿಯಲ್ಲಿದೆ. ಅವರು ಕೇಳಿದ್ದನ್ನು ಯಾರೂ ಅದಬ್ ಇಲ್ಲದ ಮಾತು ಎನ್ನಲಿಲ್ಲ. ಅದಬ್ ಎಂದರೆ ಹೇಗೆ ಮಾತನಾಡಬೇಕು ಎಂಬ ಕಲೆ. ಬಾಯಿ ಮುಚ್ಚಿಸುವುದಕ್ಕೆ ಆ ಹೆಸರನ್ನು ಬಳಸಬಾರದು.

ಭಯಪಡುವುದೇ ಅವಮಾನ ಎಂದುಕೊಂಡ ಮಕ್ಕಳಿಗೂ ನಮ್ಮ ದೀನಿನಲ್ಲೇ ಉತ್ತರವಿದೆ. ಫಿರ್‌ಔನಿನ ದರ್ಬಾರಿಗೆ ಹೋಗೆಂದು ಅಪ್ಪಣೆಯಾದಾಗ ಮೂಸಾ ನಬಿಯವರು ತನ್ನ ಎದೆಯನ್ನು ವಿಶಾಲಗೊಳಿಸಲು, ನಾಲಗೆಯ ಗಂಟನ್ನು ಬಿಡಿಸಲು ಬೇಡಿಕೊಂಡರು. ತಮಗಿಂತ ಚೆನ್ನಾಗಿ ಮಾತನಾಡಬಲ್ಲ ತಮ್ಮ ಸಹೋದರ ಹಾರೂನರನ್ನು ಜೊತೆಗೆ ಕೊಡೆಂದು ಕೇಳಿದರು. ಪರೀಕ್ಷೆಗೆ ಹೊರಟಾಗ ನಮ್ಮ ಮಕ್ಕಳೆಲ್ಲ ಹೇಳಿಕೊಳ್ಳುವ ದುಆ ಅದು. ಅದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಾತಿನಲ್ಲಿ ತೊಡಕಿದೆ ಎಂಬ ಕಾರಣಕ್ಕೆ ಮೂಸಾ ನಬಿಯವರನ್ನು ಕಳಿಸದೆ ಬಿಡಲಿಲ್ಲ. ಒಂಟಿಯಾಗಿಯೂ ಕಳಿಸಲಿಲ್ಲ. ನಮ್ಮ ಮಕ್ಕಳನ್ನು ನಾವು ಒಂದೋ ಕಳಿಸುವುದೇ ಇಲ್ಲ, ಇಲ್ಲವೇ ಒಂಟಿಯಾಗಿ ಕಳಿಸಿ ಕೆಳಗೆ ಕೂತು ನಗುತ್ತೇವೆ. ಹಾರೂನ್ ಆಗುವವರು ಯಾರೂ ಇಲ್ಲ.

ಇದೆಲ್ಲ ಒಂದು ಭಾಷಣ ಸ್ಪರ್ಧೆಯ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಬೆಲೆ ತೆರುವುದು ಆಮೇಲೆ. ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗರನ್ನು ಕೇಳಿ ನೋಡಿ. ರಾತ್ರಿಪಾಳಿಯಲ್ಲಿ ಯಂತ್ರದ ದೋಷ ಕಂಡುಹಿಡಿದು ಸರಿಪಡಿಸುವವನು ಒಬ್ಬ. ಬೆಳಗ್ಗೆ ಮ್ಯಾನೇಜರುಗಳ ಮುಂದೆ ಆರು ಸ್ಲೈಡ್ ಇಟ್ಟು ಅದನ್ನು ವಿವರಿಸುವವನು ಇನ್ನೊಬ್ಬ. ಬಡ್ತಿಯ ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆಂದು ಹೇಳಬೇಕಿಲ್ಲ. ಕೆಲಸ ಕೈಯಲ್ಲಿದ್ದೂ ಮಾತು ಬಾರದವನ ಪಾಲನ್ನು ಮಾತು ಬಲ್ಲವನು ತಿನ್ನುತ್ತಾನೆ. ಶಾಲೆಯ ಪೋಷಕರ ಸಭೆಯಲ್ಲಿ ನಮ್ಮ ಉಮ್ಮಂದಿರು ಹಿಂದಿನ ಬೆಂಚಿನಲ್ಲಿ ಕೂತು, ಹೇಳಬೇಕಾದ್ದನ್ನು ಹೇಳದೆ ಸಹಿ ಹಾಕಿ ಬರುತ್ತಾರೆ. ಡಾಕ್ಟರ ಮುಂದೆ ತನ್ನ ನೋವನ್ನು ತಾನೇ ಹೇಳಲಾರದೆ ಗಂಡನ ಮುಖ ನೋಡುತ್ತಾರೆ. ಹೊಸೂರಿನ ಸುತ್ತಲ ಪಂಚಾಯತುಗಳಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ಕ್ಕೆ ಗ್ರಾಮಸಭೆ ಕೂಡುತ್ತದೆ. ನೀರು, ಚರಂಡಿ, ದೀಪ, ಖಬರಸ್ತಾನದ ದಾರಿ, ಏನನ್ನೂ ಅಲ್ಲಿ ಎದ್ದು ಕೇಳಬಹುದು. ಎದ್ದು ನಿಲ್ಲುವವರು ಬೇಕಷ್ಟೆ. ಟಿವಿಯಲ್ಲಿ ನಮ್ಮ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ನಮ್ಮ ಬಗ್ಗೆ ನಾವೇ ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ತಮಗೆ ಬೇಕಾದಂತೆ ಹೇಳುತ್ತಾರೆ.

ಗಡಿಯ ಈಚೆ ಇರುವುದರಿಂದ ನಮಗೊಂದು ಲಾಭವೂ ಇದೆ. ಮಾತಿನ ವಿಷಯದಲ್ಲಿ ತಮಿಳರಿಂದ ಕಲಿಯಬೇಕಾದ್ದು ಬಹಳ. ಅಣ್ಣಾದುರೈ 1949ರಲ್ಲಿ ಪಕ್ಷ ಕಟ್ಟಿ 1967ರಲ್ಲಿ ಮುಖ್ಯಮಂತ್ರಿಯಾದದ್ದರಲ್ಲಿ ವೇದಿಕೆಯ ಮಾತಿಗೆ ದೊಡ್ಡ ಪಾಲಿದೆ. ಇಂದಿಗೂ ಪೊಂಗಲ್, ದೀಪಾವಳಿ ಬಂದರೆ ತಮಿಳು ಮನೆಗಳು ಟಿವಿ ಮುಂದೆ ಕೂತು ನೋಡುವ ಕಾರ್ಯಕ್ರಮಗಳಲ್ಲಿ ಪಟ್ಟಿಮನ್ರಂ ಒಂದು, ಅಂದರೆ ವಾದಸಭೆ. ಮಧುರೆಯ ಮೇಷ್ಟ್ರು ಸೊಲೊಮನ್ ಪಾಪ್ಪಯ್ಯ ಅದಕ್ಕೆ ತೀರ್ಪುಗಾರರಾಗಿ ಮನೆಮಾತಾದವರು. ಸಂಸಾರದ ಸುಖಕ್ಕೆ ಗಂಡ ಕಾರಣವೋ ಹೆಂಡತಿ ಕಾರಣವೋ ಎಂಬಂಥ ವಿಷಯಕ್ಕೆ ಹೆಂಗಸರೂ ಗಂಡಸರೂ ಎರಡು ಪಕ್ಷವಾಗಿ ವಾದ ಹೂಡುತ್ತಾರೆ. ಮಾತು ಆಡುಮಾತು, ಉದಾಹರಣೆ ಅಡುಗೆಮನೆಯದು, ಸಭೆ ನಗುತ್ತದೆ. ಆದರೆ ಹೇಳಿದ ವಿಷಯಕ್ಕೆ ನಗುತ್ತದೆ, ಹೇಳಿದವರ ಉಚ್ಚಾರಕ್ಕಲ್ಲ. ನಮ್ಮ ಮದುವೆಮನೆಯ ಹಿಂದಿನ ರಾತ್ರಿ ಬ್ಯಾರಿಯಲ್ಲಿ ಇಂಥದ್ದೊಂದು ವಾದಸಭೆ ನಡೆಸಲು ಏನು ಕಷ್ಟ? ನಮ್ಮ ಅಜ್ಜಿಯರ ನಾಲಗೆಯ ಚುರುಕು ಗೊತ್ತಿದ್ದವರು ಯಾರೂ ಬ್ಯಾರಿಗಳಿಗೆ ಮಾತು ಬರುವುದಿಲ್ಲ ಎನ್ನಲಾರರು.

ಹಾಗಾದರೆ ಮಾತನಾಡುವವರು ಮಾಡಬೇಕಾದ್ದು ಏನೂ ಇಲ್ಲವೇ? ಇದೆ, ಆದರೆ ಅದಕ್ಕೆ ಸಾವಿರಾರು ರೂಪಾಯಿ ಬೇಕಿಲ್ಲ. ಎದೆ ಬಡಿತ ಏರುವುದು, ಬಾಯಿ ಒಣಗುವುದು, ಕೈ ನಡುಗುವುದು ರೋಗವಲ್ಲ. ದೇಹ ಒಂದು ಕೆಲಸಕ್ಕೆ ಸಿದ್ಧವಾಗುತ್ತಿದೆ ಎಂಬ ಸೂಚನೆ. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಶಾಂತವಾಗು ಎಂದು ತಮಗೆ ತಾವೇ ಹೇಳಿಕೊಂಡವರಿಗಿಂತ ನನಗೆ ಹುರುಪು ಬಂದಿದೆ ಎಂದು ಹೇಳಿಕೊಂಡವರು ಚೆನ್ನಾಗಿ ಮಾತನಾಡಿದರು. ಇನ್ನೊಂದು ಅಧ್ಯಯನವನ್ನು 2003ರಲ್ಲಿ ಸವಿಟ್ಸ್ಕಿ ಮತ್ತು ಗಿಲೊವಿಚ್ ಪ್ರಕಟಿಸಿದರು. ನಮ್ಮ ನಡುಕ ನಮಗೆ ಕಂಡಷ್ಟು ಎದುರಿನವರಿಗೆ ಕಾಣುವುದಿಲ್ಲ ಎಂಬುದು ಅದರ ಸಾರ. ಈ ಒಂದು ಮಾತನ್ನು ಮೊದಲೇ ತಿಳಿಸಿದರೆ ಸಾಕು, ಜನ ಇನ್ನಷ್ಟು ಚೆನ್ನಾಗಿ ಮಾತನಾಡುತ್ತಾರೆ ಎಂಬುದೂ ಅದರಲ್ಲಿ ಕಂಡುಬಂತು. ಇದನ್ನು ಇಂದೇ ನಿಮ್ಮ ಮಗುವಿಗೆ ಹೇಳಿ.

ಉಳಿದದ್ದು ಕೈಕೆಲಸದಂತೆ ಅಭ್ಯಾಸ. ಹೇಳಬೇಕಾದ ಒಂದೇ ಒಂದು ವಿಷಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಭಾಷಣ ಇನ್ನೂ ಸಿದ್ಧವಾಗಿಲ್ಲ. ಅದಕ್ಕೆ ಮೂರು ಅಂಶ, ಒಂದು ಉದಾಹರಣೆ ಸಾಕು. ಮೊದಲ ವಾಕ್ಯ, ಕೊನೆಯ ವಾಕ್ಯ ಇವೆರಡನ್ನು ಮಾತ್ರ ಬಾಯಿಪಾಠ ಮಾಡಿ, ನಡುವಿನದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಮನಸ್ಸಿನಲ್ಲಿ ಓದುವುದು ಅಭ್ಯಾಸವಲ್ಲ, ನಿಂತು ಗಟ್ಟಿಯಾಗಿ ಹೇಳುವುದು ಅಭ್ಯಾಸ. ಮನೆಯ ಒಬ್ಬರ ಮುಂದೆ ಒಮ್ಮೆ, ಮೂವರ ಮುಂದೆ ಒಮ್ಮೆ, ಆಮೇಲೆ ಸಭೆ. ವೇದಿಕೆ ಹತ್ತಿದ ಕೂಡಲೇ ಶುರುಮಾಡಬೇಡಿ. ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಪರಿಚಯದ ಒಂದು ಮುಖ ಹುಡುಕಿಕೊಂಡು ಸಲಾಂ ಹೇಳಿ. ಮರೆತರೆ ನಿಲ್ಲಿ. ನಿಮಗೆ ಒಂದು ಯುಗದಂತೆ ಕಾಣುವ ಮೌನ ಕೇಳುವವರಿಗೆ ಒಂದು ಉಸಿರಷ್ಟೆ. ಕಚೇರಿಯಲ್ಲಾದರೆ ಸ್ಲೈಡಿನ ತುಂಬ ಬರೆದು ಅದನ್ನೇ ಓದಬೇಡಿ. ಓದುವುದು ಅವರಿಗೂ ಬರುತ್ತದೆ. ತೊಂದರೆ ಏನಿತ್ತು, ಏನು ಮಾಡಿದೆ, ಏನು ಉಳಿಯಿತು, ಈ ಮೂರ ಉತ್ತರ ನಿಮ್ಮ ಬಾಯಿಂದ ಬರಲಿ. ಇಂಗ್ಲಿಷ್ ತಡವರಿಸಿದರೆ ಚಿಕ್ಕ ವಾಕ್ಯ ಮಾಡಿ. ಚಿಕ್ಕ ವಾಕ್ಯ ಎಡವುವುದು ಕಡಿಮೆ.

ಇಷ್ಟನ್ನೂ ಮಗು ಕಲಿಯಬಲ್ಲದು, ಎದುರಿಗೆ ಕೂತವರು ಮನುಷ್ಯರಂತೆ ಕೂತರೆ. ಹಾಗಾಗಿ ಜಮಾಅತಿನವರಿಗೆ, ಮದ್ರಸ ಸಮಿತಿಗಳಿಗೆ, ಪೋಷಕರಿಗೆ ನೇರವಾಗಿ ಕೇಳುವುದು ಇದು. ಬರುವ ರಬೀಉಲ್ ಅವ್ವಲಿನಲ್ಲಿ ಮಕ್ಕಳ ಕಾರ್ಯಕ್ರಮ ಮೊದಲು ಇಡಿ, ಅತಿಥಿಗಳು ಆಮೇಲೆ ಮಾತನಾಡಲಿ, ತಲಾ ಐದೇ ನಿಮಿಷ. ಬಾಯಿಪಾಠದ ಭಾಷಣದ ಜೊತೆಗೆ ಎರಡು ನಿಮಿಷದ ಇನ್ನೊಂದು ಸ್ಪರ್ಧೆ ಇರಲಿ. ಮಗು ತಾನು ಕಂಡದ್ದನ್ನು, ಚೀಟಿಯಿಲ್ಲದೆ, ಬ್ಯಾರಿಯಲ್ಲಿ ಹೇಳಲಿ. ತಡವರಿಸಿ, ನಿಂತು, ಮತ್ತೆ ಮುಂದುವರಿಸಿ ಮುಗಿಸಿದ ಮಗುವಿಗೆ ಬೇರೆಯೇ ಒಂದು ಬಹುಮಾನ ಕೊಡಿ, ಏಕೆಂದರೆ ನಿಜವಾದ ಧೈರ್ಯ ಅದು. ಹನ್ನೆರಡು ದಾಟಿದ ಹೆಣ್ಣುಮಕ್ಕಳಿಗೆ ವೇದಿಕೆ ಇರಲಿ. ಮಿಶ್ರ ಸಭೆ ಬೇಡವೆಂದರೆ ಹೆಂಗಸರ ಸಭೆಯನ್ನೇ ಮಾಡಿ, ಅಲ್ಲಿಯೂ ಗಂಡಸರ ಭಾಷಣ ಕೇಳಿಸಬೇಡಿ. ಮಗು ತಪ್ಪಿದ ವಿಡಿಯೊವನ್ನು ಗ್ರೂಪಿಗೆ ಹಾಕುವ ಬೆರಳನ್ನು ಮಡಚಿ ಇಟ್ಟುಕೊಳ್ಳಿ.

ಮಂಗಳೂರಿನವರು ಒಂದು ಮಾತು ಕೇಳಿ. ಹೊಸೂರಿನಿಂದ ಬಂದ ಮಗು 'ಬಾಷಣ' ಎಂದರೆ ನಗಬೇಡಿ. ಅದು ಏನು ಹೇಳಲು ಹೊರಟಿದೆ ಎಂದು ಕೇಳಿ. ಆರು ಭಾಷೆಗಳಿಂದ ಆರಿಸಿ ಅದು ನಿಮ್ಮ ಭಾಷೆಯಲ್ಲಿ ಬಾಯಿ ತೆರೆದಿದೆ. ಅಷ್ಟು ದೂರ ನಡೆದು ಬಂದ ಮಾತಿಗೆ ಕೂರಲು ಒಂದು ಮಣೆ ಕೊಡಿ.